84 ಇದ್ದರೆ ಸಾಲದು: ರಷ್ಯಾದ ಹಳೆಯ ಬೆಳ್ಳಿಯ ಮುದ್ರೆ ಓದುವ ಸಮಗ್ರ ಮಾರ್ಗದರ್ಶಿ

ತ್ಸಾರ್ ದೊರೆಗಳ ಕಾಲದ್ದು ಎಂದು ಮಾರಾಟಕ್ಕೆ ಬರುವ ಬೆಳ್ಳಿಯಲ್ಲಿ ಮುದ್ರೆ, ಅಂದರೆ ಶುದ್ಧತೆ, ತಯಾರಕ ಮೊದಲಾದವನ್ನು ಸೂಚಿಸುವ ಠಸ್ಸೆ, ಇಲ್ಲದ್ದು ಸಿಗುವುದೇ ಕಷ್ಟ. ಅಸಲಿಯ ಮೇಲೂ ಇರುತ್ತದೆ, ನಕಲಿಯ ಮೇಲೆ ಇನ್ನೂ ಎದ್ದು ಕಾಣುವಂತೆ ಇರುತ್ತದೆ. ಆದ್ದರಿಂದ ‘ಮುದ್ರೆ ಇದೆಯಾ’ ಎಂದು ಕೇಳಿ ಪ್ರಯೋಜನವಿಲ್ಲ. ಅಲ್ಲಿರುವ ನಾಲ್ಕೈದು ಮುದ್ರೆಗಳು ಒಂದೇ ಊರು, ಒಂದೇ ಕಾಲ, ಒಂದೇ ಕೈಯ ಕಥೆ ಹೇಳುತ್ತಿವೆಯಾ, ಆ ಕಥೆ ವಸ್ತುವಿನ ಮೈಗೆ ಒಪ್ಪುತ್ತದೆಯಾ ಎಂದು ಕೇಳಬೇಕು. ಒಂದೊಂದು ಮುದ್ರೆಯನ್ನು ಚೆನ್ನಾಗಿ ನಕಲು ಮಾಡುವವರು ಬಹಳ ಜನ ಇದ್ದಾರೆ. ಎಲ್ಲ ಮುದ್ರೆಗಳೂ ಪರಸ್ಪರ ಒಪ್ಪುವಂತೆ ಮಾಡಲು ಇತಿಹಾಸ ಓದಿರಬೇಕು. ಹೆಚ್ಚಿನ ನಕಲಿಗಾರರು ಎಡವುವುದು ಅಲ್ಲೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಪಕ್ಕದಿಂದ ಬೀಳಿಸಬಹುದಾದ ಸಣ್ಣ ಟಾರ್ಚು, 0.1 ಗ್ರಾಂವರೆಗೆ ತೋರಿಸುವ ತಕ್ಕಡಿ, ಒಂದು ಪಾತ್ರೆ ನೀರು. ಬೆಳ್ಳಿ ಪಾಲಿಷ್ ಮಾತ್ರ ದೂರ ಇಡಿ. ಮುದ್ರೆಯ ಸುತ್ತ ಕೂತಿರುವ ಹಳೆಯ ಕಪ್ಪು ನಿಮಗೆ ಬೇಕಾದ ಮಾಹಿತಿ, ಕೊಳೆಯಲ್ಲ.

ಮೊದಲ ಹೆಜ್ಜೆ: ಅಂಕಿಯನ್ನು ಅರ್ಥ ಮಾಡಿಕೊಳ್ಳಿ

ರಷ್ಯಾ ಸಾಮ್ರಾಜ್ಯದಲ್ಲಿ ಬೆಳ್ಳಿಯ ಶುದ್ಧತೆಯನ್ನು ಸಾವಿರದ ಲೆಕ್ಕದಲ್ಲಲ್ಲ, ಜೊಲೊತ್ನಿಕ್ ಲೆಕ್ಕದಲ್ಲಿ ಹೇಳುತ್ತಿದ್ದರು. ಜೊಲೊತ್ನಿಕ್ ಎಂದರೆ ಸುಮಾರು 4.27 ಗ್ರಾಂ ತೂಕ. 96 ಜೊಲೊತ್ನಿಕ್ ಸೇರಿದರೆ ಒಂದು ರಷ್ಯನ್ ಪೌಂಡು. ಹಾಗಾಗಿ ಅಪ್ಪಟ ಬೆಳ್ಳಿ 96. ಅದರಲ್ಲಿ 84 ಭಾಗ ಬೆಳ್ಳಿ, ಉಳಿದದ್ದು ಮುಖ್ಯವಾಗಿ ತಾಮ್ರ ಎಂದರೆ ‘84’ರ ಬೆಳ್ಳಿ, ಅಂದರೆ ಸಾವಿರಕ್ಕೆ 875. ಸಾಮಾನ್ಯವಾಗಿ ಕಾಣಸಿಗುವುದು ಇದೇ. 88 ಎಂದರೆ 916, 91 ಎಂದರೆ 947. 94 ಅಪರೂಪ. 56 ಅಥವಾ 72 ಕಂಡರೆ ಅದು ಚಿನ್ನದ ಅಂಕಿ, ಬೆಳ್ಳಿಯ ಮೇಲೆ ಅದಕ್ಕೆ ಕೆಲಸವಿಲ್ಲ.

ಈ ಅಂಕಿಯೊಂದರಿಂದಲೇ ಮೊದಲ ಜರಡಿ ಹಿಡಿಯಬಹುದು. 1927ರಿಂದ ಸೋವಿಯತ್ ಒಕ್ಕೂಟ ಸಾವಿರದ ಲೆಕ್ಕಕ್ಕೆ ಬಂತು. 875 ಅಥವಾ 916ರ ಜೊತೆ ಸುತ್ತಿಗೆ ಹಿಡಿದ ಕಾರ್ಮಿಕನ ತಲೆ ಇದ್ದರೆ ಅದು 1927ರ ನಂತರದ್ದು. ಐದು ಮೂಲೆಯ ನಕ್ಷತ್ರದೊಳಗೆ ಕುಡುಗೋಲು ಸುತ್ತಿಗೆ ಇದ್ದರೆ 1958ರ ನಂತರದ್ದು. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾ ತ್ಸಾರ್ ಕಾಲದ ಕೊನೆಯಲ್ಲಿದ್ದ ಹೆಣ್ಣಿನ ತಲೆಯ ಚಿಹ್ನೆಯನ್ನೇ (ಮೂರನೆಯ ಹೆಜ್ಜೆಯಲ್ಲಿ ಅದರ ಮಾತು ಬರುತ್ತದೆ) ಮತ್ತೆ ಮುದ್ರೆಗೆ ತಂದಿತು. ಇಂದು ಮಾಸ್ಕೋದಲ್ಲಿ ಮಾಡಿದ ಹೊಸ ಚಮಚದ ಮೇಲೂ ಅವಳಿದ್ದಾಳೆ, ಪಕ್ಕದಲ್ಲಿ 925. ಇವೆಲ್ಲ ನಕಲಿಗಳಲ್ಲ, ಪ್ರಾಮಾಣಿಕ ಬೆಳ್ಳಿ. ‘ತ್ಸಾರ್ ಕಾಲದ್ದು’ ಎಂದು ಮಾರಿದರೆ ಮಾತ್ರ ಸುಳ್ಳು.

ಇರಾನಿನ ಬೆಳ್ಳಿಯ ಮೇಲೂ 84 ಕಾಣಸಿಗುತ್ತದೆ, ಹೆಚ್ಚಾಗಿ ಪರ್ಷಿಯನ್ ಅಂಕಿಯಲ್ಲಿ. ಅದರ ಪಕ್ಕ ರಷ್ಯಾದ ಯಾವ ಚಿಹ್ನೆಯೂ ಇರುವುದಿಲ್ಲ.

ಎರಡನೆಯ ಹೆಜ್ಜೆ: ಬೆಳ್ಳಿಯೇ ಅಲ್ಲದ್ದನ್ನು ಬದಿಗಿಡಿ

ವಾರ್ಸಾ ಆಗ ರಷ್ಯಾ ಸಾಮ್ರಾಜ್ಯದ ಊರು. ಅಲ್ಲಿನ ಫ್ರಾಜೆ, ನಾರ್ಬ್ಲಿನ್ ಕಂಪನಿಗಳು ಬೆಳ್ಳಿ ಲೇಪದ ಪಾತ್ರೆಗಳನ್ನು ರಾಶಿರಾಶಿ ಮಾಡಿದವು. ಅವುಗಳ ಮೇಲೆ ಎರಡು ತಲೆಯ ಹದ್ದೂ ಇರುತ್ತದೆ. ಹದ್ದನ್ನು ಕಂಡು ‘ಅರಮನೆಯದ್ದು’ ಎಂದುಕೊಳ್ಳುವವರು ಎಲ್ಲ ಕಡೆ ಇದ್ದಾರೆ. ‘ಪ್ಲಾಕ್’ ಅಥವಾ ‘ಗಾಲ್ವ್’ ಎಂಬ ಪದ ಜೊತೆಗಿದ್ದರೆ ಅದು ಲೇಪ, ಅಷ್ಟೇ.

ಸೋವಿಯತ್ ದೇಶಕ್ಕೆ ಓದಲು, ಕೆಲಸಕ್ಕೆ ಹೋಗಿ ಬಂದವರ ಮನೆಯ ಶೋಕೇಸಿನಲ್ಲಿ ಟೀ ಲೋಟ ಕೂರಿಸುವ ಕುಸುರಿ ಕೆಲಸದ ಹಿಡಿಕೆ ನೋಡಿರಬಹುದು, ಪೊದ್‌ಸ್ತಕಾನ್ನಿಕ್. ರೈಲಿನಲ್ಲಿ ಟೀ ಕೊಡುತ್ತಿದ್ದುದು ಇದರಲ್ಲೇ. ಇವುಗಳಲ್ಲಿ ಹೆಚ್ಚಿನವು ಕೊಲ್ಚುಗಿನೊ ಕಾರ್ಖಾನೆಯವು, ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಅಡಿಯಲ್ಲಿ ಆ ಮೂರು ಲೋಹಗಳ ಮೊದಲಕ್ಷರಗಳ ಠಸ್ಸೆ ಇರುತ್ತದೆ. ನಮ್ಮ ಪೂಜಾ ಸಾಮಾನಿನ ಅಂಗಡಿಯ ಜರ್ಮನ್ ಸಿಲ್ವರಿನ ಸೋದರಸಂಬಂಧಿ. ಮನೆಯ ನೆನಪಾಗಿ ಅದಕ್ಕೆ ಬೆಲೆ ಇದೆ, ಬೆಳ್ಳಿಯಾಗಿ ಇಲ್ಲ.

ಮೂರನೆಯ ಹೆಜ್ಜೆ: ಕಾಲ ಗುರುತಿಸಿ

ಕೆಲಸದ ತಿರುಳು ಇಲ್ಲಿದೆ. ಮುದ್ರೆಯ ವ್ಯವಸ್ಥೆ ಮೂರು ಅವಧಿಗಳಲ್ಲಿ ಮೂರು ರೂಪದಲ್ಲಿತ್ತು.

ಹತ್ತೊಂಬತ್ತನೆಯ ಶತಮಾನದ ಬಹುಭಾಗ, ಹೆಣ್ಣಿನ ತಲೆ ಬರುವ ತನಕ, ಒಂದು ವಸ್ತುವಿನ ಮೇಲೆ ಐದು ಮಾಹಿತಿ ಹುಡುಕಬೇಕು: ಊರಿನ ಲಾಂಛನ, ಶುದ್ಧತೆ ನೋಡಿದ ಪರೀಕ್ಷಕನ ಮೊದಲಕ್ಷರಗಳು, ಇಸವಿ, ಶುದ್ಧತೆಯ ಅಂಕಿ, ತಯಾರಕನ ಹೆಸರು ಅಥವಾ ಮೊದಲಕ್ಷರ. ಪರೀಕ್ಷಕನ ಅಕ್ಷರ ಮತ್ತು ಇಸವಿ ಸಾಮಾನ್ಯವಾಗಿ ಒಂದೇ ಚೌಕಟ್ಟಿನಲ್ಲಿ, ಒಂದರ ಕೆಳಗೊಂದು. ಮಾಸ್ಕೋದ ಲಾಂಛನ ಕುದುರೆಯ ಮೇಲೆ ಕೂತು ಡ್ರ್ಯಾಗನ್‌ಗೆ ಈಟಿಯಿಂದ ತಿವಿಯುವ ಸಂತ ಜಾರ್ಜ್. ಸೇಂಟ್ ಪೀಟರ್ಸ್‌ಬರ್ಗ್‌ನದು ಅಡ್ಡಡ್ಡ ಇಟ್ಟ ಎರಡು ಲಂಗರು, ನಡುವೆ ರಾಜದಂಡ. ಕೀವ್‌ಗೆ ದೇವದೂತ ಮೈಕೆಲ್, ಕಜಾನ್‌ಗೆ ಕಿರೀಟ ತೊಟ್ಟ ಹಾವಿನಂಥ ಪ್ರಾಣಿ. ಹದಿನೆಂಟನೆಯ ಶತಮಾನದ ಬಹಳಷ್ಟು ಮಾಸ್ಕೋ ಬೆಳ್ಳಿಯಲ್ಲಿ ಸಂತ ಜಾರ್ಜ್‌ಗೆ ಬದಲು ಎರಡು ತಲೆಯ ಹದ್ದು ಇರುತ್ತಿತ್ತು. ಅಷ್ಟು ಹಳೆಯದಕ್ಕೆ ಬೇರೆಯದೇ ಓದು ಬೇಕು, ಈ ಬರಹದಲ್ಲಿ ಅದು ಹಿಡಿಸುವುದಿಲ್ಲ.

1896ರಲ್ಲಿ ಹೊಸ ನಿಯಮ ಬಂತು. ಹರಾಜು ಪಟ್ಟಿಗಳಲ್ಲಿ ಇದರ ಮುದ್ರೆಗಳನ್ನು 1899ರಿಂದ 1908 ಎಂದು ಬರೆಯುವುದು ರೂಢಿ. ಊರಿನ ಲಾಂಛನ ಹೋಯಿತು, ಇಸವಿ ಹೋಯಿತು. ಅವುಗಳ ಜಾಗಕ್ಕೆ ಕೊಕೊಶ್ನಿಕ್, ಅಂದರೆ ರಷ್ಯಾದ ಹೆಂಗಸರ ಎತ್ತರದ ಸಾಂಪ್ರದಾಯಿಕ ಶಿರೋಭೂಷಣ ತೊಟ್ಟ ಹೆಣ್ಣಿನ ತಲೆ ಬಂತು. ಮುಖ ಎಡಕ್ಕೆ ತಿರುಗಿದೆ. ಜೊತೆಗೆ ಶುದ್ಧತೆಯ ಅಂಕಿ, ಆ ವಲಯದ ಪರೀಕ್ಷಾಧಿಕಾರಿಯ ಮೊದಲಕ್ಷರಗಳು.

1908ರಲ್ಲಿ ಅದೇ ಹೆಣ್ಣು ಬಲಕ್ಕೆ ತಿರುಗಿದಳು. ಅಧಿಕಾರಿಯ ಮೊದಲಕ್ಷರಗಳಿಗೆ ಬದಲು ವಲಯ ಸೂಚಿಸುವ ಒಂದು ಗ್ರೀಕ್ ಅಕ್ಷರ ಬಂತು. ಆಲ್ಫಾ ಇದ್ದರೆ ಪೀಟರ್ಸ್‌ಬರ್ಗ್, ತ್ರಿಕೋನದಂತಿರುವ ಡೆಲ್ಟಾ ಇದ್ದರೆ ಮಾಸ್ಕೋ. ಕ್ರಾಂತಿಯ ನಂತರವೂ 1927ರ ಬದಲಾವಣೆಯವರೆಗೆ ಈ ತಲೆಯ ಬಳಕೆ ಪೂರ್ತಿ ನಿಲ್ಲಲಿಲ್ಲ. ಆದ್ದರಿಂದ ಬಲಮುಖದ ತಲೆ ಇದೆ ಎಂದ ಮಾತ್ರಕ್ಕೆ 1917ಕ್ಕಿಂತ ಹಿಂದಿನದು ಎನ್ನಲಾಗದು.

ಇಷ್ಟು ಮನದಟ್ಟಾದರೆ ಸಂತೆಯಲ್ಲಿ ಸಿಗುವ ನಕಲಿಗಳಲ್ಲಿ ಒಂದು ಪಾಲು ಅಲ್ಲೇ ಉದುರುತ್ತದೆ. ಕೊಕೊಶ್ನಿಕ್ ಮುದ್ರೆಯೊಳಗೆ ‘1902’ ಎಂದು ಇಸವಿ ಇದೆಯೇ? ಆ ಮುದ್ರೆಯಲ್ಲಿ ಇಸವಿ ಇರುತ್ತಿರಲಿಲ್ಲ. ಉಡುಗೊರೆ ಕೊಟ್ಟ ವರ್ಷವನ್ನು ಪಾತ್ರೆಯ ಮೇಲೆ ಕೆತ್ತಿಸಿರಬಹುದು, ಅದು ಬೇರೆ ಮಾತು. ಬಲಮುಖದ ತಲೆಯ ಜೊತೆ ಅಧಿಕಾರಿಯ ಮೊದಲಕ್ಷರಗಳಿವೆಯೇ? ಅನುಮಾನಿಸಿ. ತಲೆಯ ಪಕ್ಕ 925 ಇದೆಯೇ? ಅದು ಇತ್ತೀಚಿನ ರಷ್ಯಾ.

ನಾಲ್ಕನೆಯ ಹೆಜ್ಜೆ: ಅಕ್ಷರಗಳನ್ನು ರಷ್ಯನ್ ಕಣ್ಣಿನಿಂದ ಓದಿ

ಸಿರಿಲಿಕ್ ಲಿಪಿ ಪೂರ್ತಿ ಕಲಿಯಬೇಕಿಲ್ಲ. ಕಣ್ಣಿಗೆ ಇಂಗ್ಲಿಷಿನಂತೆ ಕಂಡು ಉಚ್ಚಾರದಲ್ಲಿ ಬೇರೆಯಾಗುವ ಅಕ್ಷರಗಳನ್ನು ಗೊತ್ತು ಮಾಡಿಕೊಂಡರೆ ಸಾಕು. ‘ಬಿ’ಯಂತೆ ಕಾಣುವುದು ವ, ‘ಸಿ’ಯಂತಿರುವುದು ಸ, ‘ಪಿ’ಯಂತಿರುವುದು ರ, ‘ಎಚ್’ನಂತಿರುವುದು ನ. ಕನ್ನಡಿಯಲ್ಲಿ ಕಂಡ ‘ಎನ್’ ಇ ಆಗುತ್ತದೆ. ಕನ್ನಡಿಯಲ್ಲಿ ಕಂಡ ‘ಆರ್’ ಯಾ ಆಗುತ್ತದೆ. ಬಾಗಿಲ ಚೌಕಟ್ಟಿನ ಆಕಾರದ್ದು ಪ.

ಈಗ ಮಾಸ್ಕೋದ ಒಂದು ಚಮಚದ ಮೇಲೆ ‘ಬಿಸಿ’ ಎಂಬಂತೆ ಕಾಣುವ ಎರಡಕ್ಷರ, ಕೆಳಗೆ 1874. ಅದು ವಿಕ್ಟರ್ ಸಾವಿಂಕೋವ್, 1855ರಿಂದ 1888ರವರೆಗೆ ಮಾಸ್ಕೋದ ಪರೀಕ್ಷಕ. ಅವನ ಅಕ್ಷರಗಳು ಪೀಟರ್ಸ್‌ಬರ್ಗ್‌ನ ಲಂಗರುಗಳ ಪಕ್ಕ ಬಂದರೆ ತಪ್ಪು, 1892ರ ಜೊತೆ ಬಂದರೂ ತಪ್ಪು. ಎಡಮುಖದ ಕೊಕೊಶ್ನಿಕ್‌ನಲ್ಲಿ ಕನ್ನಡಿಯ ‘ಎನ್’ ಮತ್ತು ಲ ಇದ್ದರೆ ಅದು ಇವಾನ್ ಲೆಬೆಡ್ಕಿನ್, ಅಂದರೆ ಮಾಸ್ಕೋ. ಕನ್ನಡಿಯ ‘ಆರ್’ ಮತ್ತು ಲ ಇದ್ದರೆ ಯಾಕೊವ್ ಲ್ಯಾಪುನೊವ್, ಅಂದರೆ ಪೀಟರ್ಸ್‌ಬರ್ಗ್, ಪಟ್ಟಿಗಳಲ್ಲಿ 1899ರಿಂದ 1904.

ನಕಲಿಗಾರರು ಪದೇ ಪದೇ ಬೀಳುವ ಇನ್ನೊಂದು ಹಳ್ಳ ಕಾಗುಣಿತ. 1918ಕ್ಕೆ ಮುಂಚೆ ವ್ಯಂಜನದಲ್ಲಿ ಮುಗಿಯುವ ರಷ್ಯನ್ ಹೆಸರುಗಳ ಕೊನೆಗೆ ಉಚ್ಚಾರವಿಲ್ಲದ ‘ಗಡಸು ಚಿಹ್ನೆ’ ಬರೆಯುತ್ತಿದ್ದರು. ನೋಡಲು ಇಂಗ್ಲಿಷಿನ ಸಣ್ಣ ‘ಬಿ’ಗೆ ತಲೆಯ ಎಡಗಡೆ ಚಿಕ್ಕ ಕೊಂಡಿ ಹಚ್ಚಿದಂತಿರುತ್ತದೆ. ಆ ಕಾಲದ ಹೆಸರಾಂತ ಬೆಳ್ಳಿ ತಯಾರಕರಾದ ಓವ್ಚಿನ್ನಿಕೋವ್, ಖ್ಲೆಬ್ನಿಕೋವ್, ಸಾಜಿಕೋವ್ ಮೂವರ ಪೂರ್ಣ ಹೆಸರಿನ ಮುದ್ರೆಗಳಲ್ಲೂ ಕೊನೆಗೆ ಅದಿರಬೇಕು. ಇಂದಿನ ಶಾಲೆಯಲ್ಲಿ ಕಲಿತ ರಷ್ಯನ್ನಿನಲ್ಲಿ ಅಚ್ಚು ಕೊರೆಯುವವನು ಅದನ್ನು ಬಿಟ್ಟುಬಿಡುತ್ತಾನೆ. ಪೀಟರ್ಸ್‌ಬರ್ಗ್‌ನ ಪ್ರಸಿದ್ಧ ಆಭರಣ ತಯಾರಕ ಫಾಬರ್ಜೆಯ ಹೆಸರು ಸ್ವರದಲ್ಲಿ ಮುಗಿಯುವುದರಿಂದ ಅದಕ್ಕೆ ಗಡಸು ಚಿಹ್ನೆ ಇಲ್ಲ, ಇದ್ದರೇ ತಪ್ಪು.

ಐದನೆಯ ಹೆಜ್ಜೆ: ತಯಾರಕನನ್ನು ಪಾಟೀಸವಾಲಿಗೆ ನಿಲ್ಲಿಸಿ

ಸಾಜಿಕೋವ್ ಸಂಸ್ಥೆ ಕೊಕೊಶ್ನಿಕ್ ಬರುವ ಮುಂಚೆಯೇ ಮುಗಿದುಹೋಗಿತ್ತು. ಬಲಮುಖದ ತಲೆಯ ಜೊತೆ ಅದರ ಹೆಸರು ಬರಲಾರದು. ಪಾವೆಲ್ ಓವ್ಚಿನ್ನಿಕೋವ್ ಸಂಸ್ಥೆ ಮಾಸ್ಕೋದಲ್ಲಿ ಶುರುವಾದದ್ದು 1853ರಲ್ಲಿ, 1840ರ ಇಸವಿ ಹೊತ್ತ ಓವ್ಚಿನ್ನಿಕೋವ್ ಇರಲಾರ. ಹೆಸರಿನ ಪಕ್ಕ ಎರಡು ತಲೆಯ ಹದ್ದಿದ್ದರೆ ಅದು ಅರಮನೆಗೆ ಸರಬರಾಜು ಮಾಡುವ ಹಕ್ಕಿನ ಗುರುತು. ಬೆಳ್ಳಿಯ ಶುದ್ಧತೆಗೂ ಅದಕ್ಕೂ ಸಂಬಂಧವಿಲ್ಲ.

ಅತಿ ಹೆಚ್ಚು ನಕಲಾಗಿರುವ ಹೆಸರು ಫಾಬರ್ಜೆ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ಕಾರ್ಲ್ ಫಾಬರ್ಜೆಗೆ ಅರಮನೆಯ ಹಕ್ಕು ಸಿಕ್ಕಿದ್ದು 1885ರಲ್ಲಿ. ಮಾಸ್ಕೋ ಶಾಖೆ ತೆರೆದದ್ದು 1887ರಲ್ಲಿ. ಎರಡು ಊರಿನ ಪದ್ಧತಿ ಬೇರೆ ಬೇರೆ. ಮಾಸ್ಕೋದ ಬೆಳ್ಳಿಯಲ್ಲಿ ಸಾಮಾನ್ಯವಾಗಿ ‘ಕ. ಫಾಬರ್ಜೆ’ ಎಂಬ ಪೂರ್ಣ ಮುದ್ರೆ, ಮೇಲೆ ಹದ್ದು. ಪೀಟರ್ಸ್‌ಬರ್ಗ್‌ನಲ್ಲಿ ಬರೀ ‘ಫಾಬರ್ಜೆ’, ಜೊತೆಗೆ ಆ ವಸ್ತು ಮಾಡಿದ ಕಾರ್ಯಾಗಾರದ ಮುಖ್ಯಸ್ಥನ ಮೊದಲಕ್ಷರಗಳು, ಹದ್ದು ಸಾಮಾನ್ಯವಾಗಿ ಇಲ್ಲ. ಬೆಳ್ಳಿ ಸಾಮಾನಿನ ಮುಖ್ಯಸ್ಥ ಜೂಲಿಯಸ್ ರಾಪೊಪೋರ್ಟ್‌ನ ಕೆಲಸಗಳಂಥ ಅಪವಾದಗಳು ಇವೆ.

ಮುಖ್ಯಸ್ಥರಲ್ಲಿ ಇಬ್ಬರ ಕಾಲ ನೆನಪಿಟ್ಟರೆ ಸಾಕು. ಮಿಖಾಯಿಲ್ ಪೆರ್ಖಿನ್ 1903ರಲ್ಲಿ ತೀರಿಕೊಂಡ, ಅವನ ಅಕ್ಷರಗಳು ಸಿರಿಲಿಕ್‌ನಲ್ಲಿ. ಅವನ ಜಾಗಕ್ಕೆ ಬಂದ ಫಿನ್ಲೆಂಡಿನ ಹೆನ್ರಿಕ್ ವಿಗ್‌ಸ್ಟ್ರೋಮ್‌ನ ಅಕ್ಷರಗಳು ಲ್ಯಾಟಿನ್ನಿನಲ್ಲಿ, ‘ಎಚ್. ಡಬ್ಲ್ಯೂ.’ ಪೆರ್ಖಿನ್‌ನ ಅಕ್ಷರಗಳ ಪಕ್ಕ ಬಲಮುಖದ ತಲೆ ಕಂಡರೆ, ಸತ್ತು ಐದು ವರ್ಷವಾದ ಮೇಲೆ ಅವನು ಸಿಗರೇಟ್ ಡಬ್ಬಿ ಮಾಡಿದ ಎಂದು ನಂಬಬೇಕಾಗುತ್ತದೆ. ಇಂಥ ಡಬ್ಬಿಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ, ಬೆಲೆಯೇನೂ ಕಡಿಮೆ ಇರುವುದಿಲ್ಲ.

ಒಂದು ಕಾಲ್ಪನಿಕ ಡಬ್ಬಿಯನ್ನು ಕೈಗೆತ್ತಿಕೊಳ್ಳಿ. ಮುಚ್ಚಳದ ಒಳಗೆ ‘ಎಚ್. ಡಬ್ಲ್ಯೂ.’, ಹದ್ದಿನ ಕೆಳಗೆ ‘ಕ. ಫಾಬರ್ಜೆ’, ಬಲಮುಖದ ತಲೆ, ಡೆಲ್ಟಾ, 88. ಒಂದೊಂದೂ ನಿಜವಾಗಿ ಇದ್ದ ಮುದ್ರೆಯೇ, ಕೊರೆದ ಕೆಲಸವೂ ಚೆನ್ನಾಗಿರಬಹುದು. ಆದರೆ ವಿಗ್‌ಸ್ಟ್ರೋಮ್ ಪೀಟರ್ಸ್‌ಬರ್ಗ್‌ನವನು, ಡೆಲ್ಟಾ ಮಾಸ್ಕೋದ್ದು, ಹದ್ದಿನ ಜೊತೆ ‘ಕ. ಫಾಬರ್ಜೆ’ ಎಂಬುದೂ ಮಾಸ್ಕೋದ್ದು. ಪುಸ್ತಕದಲ್ಲಿ ಚಂದ ಕಂಡ ಮುದ್ರೆಗಳನ್ನೆಲ್ಲ ಒಂದೇ ಕಡೆ ಒತ್ತಿದ್ದಾರೆ. ಇದೇ ಡಬ್ಬಿಯಲ್ಲಿ ‘ಎಚ್. ಡಬ್ಲ್ಯೂ.’, ಬರೀ ‘ಫಾಬರ್ಜೆ’, ಬಲಮುಖ, ಆಲ್ಫಾ, 88 ಇದ್ದಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದಿತ್ತು. ಅಸಲಿ ಎಂದು ತೀರ್ಮಾನಿಸಲು ಆಗಲೂ ಸಾಲುತ್ತಿರಲಿಲ್ಲ.

ಆರನೆಯ ಹೆಜ್ಜೆ: ಠಸ್ಸೆ ಹೇಗೆ ಬಿದ್ದಿದೆ ನೋಡಿ

ಕಥೆ ಸರಿಹೊಂದಿತು ಎನ್ನೋಣ. ಈಗ ಟಾರ್ಚನ್ನು ಪಕ್ಕದಿಂದ ಹಿಡಿದು ಭೂತಗನ್ನಡಿಯಲ್ಲಿ ಒಂದೊಂದೇ ಮುದ್ರೆ ನೋಡಿ. ಅಸಲಿ ಮುದ್ರೆ ಉಕ್ಕಿನ ಅಚ್ಚನ್ನು ಸುತ್ತಿಗೆಯಿಂದ ಹೊಡೆದು ಮೂಡಿಸಿದ್ದು. ಚೌಕಟ್ಟಿನೊಳಗಿನ ತಳ ನಯವಾಗಿ, ಸಮತಟ್ಟಾಗಿ ಇರುತ್ತದೆ. ಅಕ್ಷರಗಳ ಅಂಚು ಸ್ಪಷ್ಟ. ಹೊಡೆತಕ್ಕೆ ಜರುಗಿದ ಲೋಹ ಸುತ್ತ ಸ್ವಲ್ಪ ಉಬ್ಬಿರುತ್ತದೆ, ತೆಳು ತಗಡಾದರೆ ಹಿಂಬದಿಯಲ್ಲೂ ಗುರುತು ಸಿಗುತ್ತದೆ. ಕೈಹೊಡೆತವಾದ್ದರಿಂದ ಒಂದು ಬದಿ ಆಳ, ಇನ್ನೊಂದು ಬದಿ ಹಗುರ ಇರುವುದು ಸಹಜ. ಎಲ್ಲ ಮುದ್ರೆಯೂ ನೇರ ಸಾಲಿನಲ್ಲಿ, ಒಂದೇ ಆಳದಲ್ಲಿ, ಅಚ್ಚುಕಟ್ಟಾಗಿ ಕೂತಿದ್ದರೆ ನನಗೆ ಖುಷಿಗಿಂತ ಕಸಿವಿಸಿಯೇ ಹೆಚ್ಚು.

ಎರಕದ ನಕಲಿಯಲ್ಲಿ ಅಸಲಿ ವಸ್ತುವಿನಿಂದಲೇ ಅಚ್ಚು ತೆಗೆದು ಮುದ್ರೆ ಸಮೇತ ಎರಕ ಹೊಯ್ದಿರುತ್ತಾರೆ. ಮುದ್ರೆಯ ತಳದಲ್ಲಿ ಮರಳಿನಂಥ ಉರುಟು, ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಅಕ್ಷರದ ಮೂಲೆಗಳು ದುಂಡಗಾಗಿರುತ್ತವೆ. ಆರು ಚಮಚದ ಸೆಟ್ಟಿನಲ್ಲಿ ಆರರ ಮೇಲೂ ಮುದ್ರೆ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಇದ್ದರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಹೊಡೆದದ್ದು ಹಾಗಿರಲು ಸಾಧ್ಯವಿಲ್ಲ.

ಲೇಸರ್‌ನಿಂದ ಕೊರೆದ ಮುದ್ರೆಯಲ್ಲಿ ಲೋಹ ಜರುಗಿರುವುದಿಲ್ಲ, ಸುಟ್ಟು ಹೋಗಿರುತ್ತದೆ. ತಳದಲ್ಲಿ ಸಮಾಂತರ ಗೆರೆಗಳೋ ಚುಕ್ಕೆಗಳೋ ಉಳಿದಿರುತ್ತವೆ, ಸುತ್ತ ಉಬ್ಬಿಲ್ಲ.

ಹಳೆಯ ಅಸಲಿ ವಸ್ತುವಿಗೆ ಹೊಸ ಮುದ್ರೆ ಹೊಡೆಯುವ ಉಪಾಯಕ್ಕೇ ಹೆಚ್ಚು ಜನ ಬೀಳುವುದು. ವಸ್ತು ನಿಜವಾಗಿ ನೂರು ವರ್ಷ ಹಳೆಯದು, ಜರ್ಮನಿಯದೋ ಆಸ್ಟ್ರಿಯಾದ್ದೋ, ಅಥವಾ ರಷ್ಯಾದ ಯಾರೋ ಸಾಮಾನ್ಯ ಕಸುಬುದಾರನದು. ಅದಕ್ಕೆ ‘ಫಾಬರ್ಜೆ’ ಒಂದನ್ನು ಸೇರಿಸಿದರೆ ಬೆಲೆ ಎಷ್ಟೋ ಪಟ್ಟು. ಇಲ್ಲಿ ಸವೆತವನ್ನು ಹೋಲಿಸಿ. ಸುತ್ತಲಿನ ಕೆತ್ತನೆ ಉಜ್ಜಿ ಉಜ್ಜಿ ಮಸುಕಾಗಿದ್ದು, ಅದರ ನಡುವೆ ಹೆಸರಿನ ಮುದ್ರೆ ಮಾತ್ರ ಚೂಪಾಗಿದ್ದರೆ ಅದು ಆಮೇಲೆ ಬಂದದ್ದು. ಹಳೆಯ ಗೀರೊಂದು ಮುದ್ರೆಯನ್ನು ದಾಟಿ ಹೋಗಿದೆಯೋ, ಮುದ್ರೆ ಗೀರಿನ ಮೇಲೆ ಕೂತಿದೆಯೋ ನೋಡಿ. ಗೀರಿನ ಮೇಲೆ ಕೂತಿದ್ದರೆ ಗೀರೇ ಮೊದಲು ಬಂದದ್ದು ಎಂದಾಯಿತು.

ಇನ್ನೂ ಜಾಣರು ಮುರಿದ ಚಮಚದಿಂದ ಅಸಲಿ ಮುದ್ರೆಯ ತುಂಡನ್ನೇ ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯುತ್ತಾರೆ. ಮುದ್ರೆ ನೂರಕ್ಕೆ ನೂರು ಅಸಲಿ, ಪಾತ್ರೆ ಬೇರೆ. ಇದಕ್ಕೆ ಬಾಯಿಯ ಆವಿ ಸಾಕು. ಮುದ್ರೆಯ ಸುತ್ತ ಉಸಿರು ಬಿಟ್ಟರೆ ಆವಿ ಕೂತು ಆರುವಾಗ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಕ್ಷಣಕಾಲ ಕಾಣುತ್ತದೆ.

ಏಳನೆಯ ಹೆಜ್ಜೆ: ಬಿಡಿ ಭಾಗಗಳು, ಅಲಂಕಾರ

ಮುಚ್ಚಳ, ಹಿಡಿ, ಬಿಚ್ಚಿಡಬಹುದಾದ ಪಾದ, ಎಲ್ಲದರ ಮೇಲೂ ಪರೀಕ್ಷೆಯ ಚಿಕ್ಕ ಮುದ್ರೆಯಾದರೂ ಇರಬೇಕೆಂಬುದು ಪದ್ಧತಿ. ಟೀ ಪಾತ್ರೆಯ ಒಡಲಿನ ಮೇಲೆ 1874, ಮುಚ್ಚಳದ ಮೇಲೆ ಬಲಮುಖದ ತಲೆ ಇದ್ದರೆ ನಕಲಿ ಎನ್ನಬೇಕಿಲ್ಲ, ಮುಚ್ಚಳ ಕಳೆದು ಬೇರೆ ಮಾಡಿಸಿರಬಹುದು. ಬೆಲೆ ಮಾತ್ರ ಇಳಿಯಬೇಕು. ಐಕಾನ್‌ಗಳ, ಅಂದರೆ ಮರದ ಮೇಲೆ ಬರೆದ ಸಂತರ ಪೂಜಾಚಿತ್ರಗಳ, ಬೆಳ್ಳಿ ಹೊದಿಕೆಯಲ್ಲಿ ಮುದ್ರೆ ಹೆಚ್ಚಾಗಿ ಅಂಚಿನಲ್ಲಿರುತ್ತದೆ, ಮರಕ್ಕೆ ಹೊಡೆದ ಮೊಳೆಗಳ ಹತ್ತಿರ ಹುಡುಕಿ.

ಮೀನಾಕಾರಿಯಂಥ ಬಣ್ಣದ ಎನಾಮಲ್ ಇದ್ದರೆ ಎಚ್ಚರ ಹೆಚ್ಚಬೇಕು. ಮಾಸ್ಕೋದ ಫ್ಯೋದರ್ ರ‍್ಯೂಕರ್ಟ್, ಓವ್ಚಿನ್ನಿಕೋವ್, ಖ್ಲೆಬ್ನಿಕೋವ್ ಕೆಲಸಗಳ ಬೆಲೆ ಏರಿದಂತೆ, ಸಪ್ಪೆಯಾದ ಅಸಲಿ ಪಾತ್ರೆಗಳಿಗೆ ಇತ್ತೀಚೆಗೆ ಎನಾಮಲ್ ಹಚ್ಚುವ ದಂಧೆಯೂ ಬೆಳೆದಿದೆ. ಎನಾಮಲ್ ಕುಲುಮೆಯಲ್ಲಿ ಬೆಂದ ಗಾಜು: ತಣ್ಣಗೆ, ಗಟ್ಟಿಯಾಗಿ ಇರುತ್ತದೆ. ರಾಳದ ಬಣ್ಣವಾದರೆ ಬಿಸಿ ಸೂಜಿಗೆ ಮೆತ್ತಗಾಗುತ್ತದೆ, ಆದರೆ ಮಾರುವವನ ಮುಂದೆ ಬಿಸಿ ಸೂಜಿ ಹಿಡಿದು ನಿಲ್ಲಬೇಡಿ. ಮುದ್ರೆಯ ಜಾಗ ನೋಡಿದರೆ ಸಾಕು. ಎನಾಮಲ್ಲಿನ ತಂತಿ ಮುದ್ರೆಯ ಮೇಲೆ ಹಾದುಹೋಗಿ ಅರ್ಧ ಮುಚ್ಚಿದ್ದರೆ, ಅಲಂಕಾರ ಮುದ್ರೆಯ ನಂತರ ಬಂದದ್ದು.

ಎಂಟನೆಯ ಹೆಜ್ಜೆ: ಲೋಹವನ್ನೇ ಕೇಳಿ

84ರ ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.27 ಗ್ರಾಂ. ಜರ್ಮನ್ ಸಿಲ್ವರ್‌ನಂಥ ಮಿಶ್ರಲೋಹಗಳದು 9ಕ್ಕಿಂತ ಕಡಿಮೆ. ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ಚಮಚವನ್ನು ದಾರದಲ್ಲಿ ಕಟ್ಟಿ ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತೋರುವ ಗ್ರಾಂ ಸಂಖ್ಯೆಯೇ ಚಮಚದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. 82 ಗ್ರಾಂ ಚಮಚ 8 ಗ್ರಾಂ ತೋರಿಸಿದರೆ 10.25, ಸರಿ. 9.4 ತೋರಿಸಿದರೆ 8.7, ಅದು ಬೆಳ್ಳಿಯಲ್ಲ. ಟೊಳ್ಳು ಹಿಡಿಯ ಚಾಕು, ಕಲ್ಲು ಕೂರಿಸಿದ ಡಬ್ಬಿ, ಎನಾಮಲ್ ಕೆಲಸಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಆಯಸ್ಕಾಂತದ ಪರೀಕ್ಷೆಯಿಂದ ಉಕ್ಕು ಮಾತ್ರ ಸಿಕ್ಕಿಬೀಳುತ್ತದೆ, ಹಿತ್ತಾಳೆಯೂ ಜರ್ಮನ್ ಸಿಲ್ವರೂ ಪಾರಾಗುತ್ತವೆ.

ಒರೆಗಲ್ಲಿಗೆ ಉಜ್ಜುವ, ಆಸಿಡ್ ಹನಿ ಬಿಡುವ ಅಕ್ಕಸಾಲಿಗನ ವಿಧಾನ ಬಳೆ, ಕಾಲ್ಗೆಜ್ಜೆಗೆ ಸರಿ. ಹಳೆಯ ವಸ್ತುವಿಗೆ ಬೇಡ, ಕಲೆ ಹೋಗುವುದಿಲ್ಲ. ಅದರ ಬದಲು ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿರುವ, ಎಕ್ಸ್-ಕಿರಣದಿಂದ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ತೋರಿಸಿ. ಅದು ಲೋಹವನ್ನು ಗಾಯ ಮಾಡದೆ ಓದುತ್ತದೆ. ಒಡಲು, ಪಾದ, ಮುದ್ರೆಯ ಪಕ್ಕ, ಮೂರು ಕಡೆ ಓದಿಸಿ. ಮೇಲ್ಪದರವನ್ನಷ್ಟೇ ನೋಡುವ ಯಂತ್ರವಾದ್ದರಿಂದ ಗಿಲೀಟು ಇರುವ ಜಾಗ ಬಿಡಿ. ಹಳೆಯ ಬೆಳ್ಳಿಯ ಮೇಲ್ಮೈಯಲ್ಲಿ ತಾಮ್ರ ಕಡಿಮೆಯಾಗಿರುವುದರಿಂದ 875ಕ್ಕಿಂತ ತುಸು ಹೆಚ್ಚು ಬರಬಹುದು, ಗಾಬರಿ ಬೇಡ. ಮೂರು ಕಡೆಯೂ ಕರಾರುವಾಕ್ಕಾಗಿ 925 ಬಂದು, ಸೀಸ, ಚಿನ್ನದಂಥವುಗಳ ಸುಳಿವೇ ಇಲ್ಲದಿದ್ದರೆ ಅದು ಇಂದಿನ ಸ್ಟರ್ಲಿಂಗ್ ತಗಡಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಬೆಸುಗೆಯ ಜಾಗದಲ್ಲಿ ಕ್ಯಾಡ್ಮಿಯಂ ಕಂಡರೆ ಆ ಬೆಸುಗೆ ತ್ಸಾರ್ ಕಾಲದ್ದಲ್ಲ, ರಿಪೇರಿಯಾದರೂ ಆಗಿದೆ.

ಕೊಳ್ಳುವ ಮುಂಚೆ

ಮಾರುವವರು ದೂರದಲ್ಲಿದ್ದರೆ ಪ್ರತಿ ಮುದ್ರೆಯ ಹತ್ತಿರದ ಫೋಟೊ, ಅದರ ಹಿಂಬದಿಯ ಫೋಟೊ, ತಕ್ಕಡಿಯ ಮೇಲಿನ ಫೋಟೊ ಕೇಳಿ. ‘ಮುದ್ರೆ ಸರಿಯಾಗಿದೆ’ ಎಂಬ ಮಾತಷ್ಟೇ ಬಂದು ಹಿಂಬದಿಯ ಫೋಟೊ ಬರದಿದ್ದರೆ ಮುಂದುವರಿಯಬೇಡಿ. ಫ್ರಾನ್ಸಿನ ಹಂಸದ ಮುದ್ರೆಯೊಂದು ಜೊತೆಗಿದ್ದರೆ ಒಳ್ಳೆಯ ಸುಳಿವು. 1893ರಿಂದ ಹೊರಗಿನ ಬೆಳ್ಳಿಗೆ ಅಲ್ಲಿ ಅದನ್ನು ಹಾಕುತ್ತಿದ್ದರು, ಕ್ರಾಂತಿಯ ನಂತರ ಪ್ಯಾರಿಸ್‌ಗೆ ಓಡಿಬಂದ ರಷ್ಯನ್ನರು ಮಾರಿದ ವಸ್ತುಗಳ ಮೇಲೂ ಅದು ಸಿಗುತ್ತದೆ. ಆದರೆ ಹಂಸವೂ ನಕಲಾಗಬಲ್ಲದು, ಆರನೆಯ ಹೆಜ್ಜೆಯನ್ನು ಅದಕ್ಕೂ ಹಚ್ಚಿ.

ಒಂದು ಮುದ್ರೆ ಓದಲು ಬಾರದಷ್ಟು ಸವೆದಿದ್ದರೆ ತಳ್ಳಿಹಾಕಬೇಡಿ, ಸವೆತ ಅಪರಾಧವಲ್ಲ. ಓದಲು ಬರುವ ಎರಡು ಮುದ್ರೆ ಒಂದಕ್ಕೊಂದು ವಿರೋಧವಾಗಿದ್ದರೆ ಮಾತ್ರ ಬೆಳ್ಳಿಯ ತೂಕದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ, ಮಾರುವವರು ಹೇಳುವ ಅಜ್ಜಿಯ ಕಥೆ ಎಷ್ಟೇ ಚೆನ್ನಾಗಿದ್ದರೂ. ಒಮ್ಮೆ ಮನೆಗೆ ತಂದ ಮೇಲೆ ಅಮೆರಿಕದಲ್ಲಿರುವ ಮಗಳಿಗೆ ಕಳಿಸುವ ಯೋಚನೆ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯನ್ನು ಗಮನಿಸಿ. ನೂರು ವರ್ಷ ದಾಟಿದ ವಸ್ತುವನ್ನು ಭಾರತದಿಂದ ಸುಮ್ಮನೆ ಹೊರಗೆ ಒಯ್ಯುವಂತಿಲ್ಲ. ಸಂದೇಹವಿದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. 1908ರ ನಂತರದ ಬಲಮುಖದ ಚಮಚವೂ ಈಗ ಆ ಗಡಿಯ ಆಚೆಈಚೆಯೇ ಇದೆ.